ನೆತ್ತಿಯ ಮೇಲೊಂದು ಕೈ

ಮಾರ್ಚ್ ೩

ನಗರದ ನಾಯಿದೊಡ್ಡಿಯ ಮೇಲ್ವಿಚಾರಕಿಯವರಿಗೆ,

ಹೌದು, ನಾನೇ. ನಿನ್ನ ಒಡಹುಟ್ಟಿದ ಅಕ್ಕ. ಅಮ್ಮ ಹೋದ ಮೇಲೆ ನಿನ್ನ ಜೊತೆ ಒಂದು ಮಾತೂ ಆಡದವಳು ಈಗ ಕಾಗದ ಹಿಡಿದು ಕೂತಿದ್ದಾಳೆ ಎಂದರೆ ವಿಷಯ ಎಷ್ಟು ದೊಡ್ಡದಿರಬಹುದು, ನೀನೇ ಊಹಿಸು. ಫೋನು ಮಾಡಬಹುದಿತ್ತು. ಆದರೆ ನಿನ್ನ ಧ್ವನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಕಿರುಚಾಡುತ್ತೇನೆ, ಅಂಗಡಿಯಲ್ಲಿ ಗಿರಾಕಿಗಳಿರುತ್ತಾರೆ. ನಿನ್ನ ಭಾವನ ಬಸ್ಸು ಹೇಗೂ ದಿನಾ ನಿನ್ನ ಗೇಟಿನ ಮುಂದೆ ಹಾದುಹೋಗುತ್ತದೆ. ನಿಲ್ದಾಣವಿಲ್ಲದ ಕಡೆ ಬಸ್ಸು ನಿಲ್ಲಿಸಿ ಕಾಗದ ಕೊಡು ಎಂದದ್ದಕ್ಕೆ ಗೊಣಗಿದರು. ಗೊಣಗಲಿ.

ನಿನ್ನೆ ಮಧ್ಯಾಹ್ನ ನಮ್ಮ ಅಂಗಡಿಯ ಮುಂದೆ ಒಂದು ಕಂದು ನಾಯಿ ನನ್ನ ಪುಟ್ಟಿಯ ಬಲಗೈಗೆ ಬಾಯಿ ಹಾಕಿದೆ. ಹೆಬ್ಬೆರಳಿನ ಬುಡದಲ್ಲಿ ಹಲ್ಲು ಆಳಕ್ಕೆ ಇಳಿದಿದೆ. ನಾನು ಒಳಗೆ ಮೆಷಿನ್ನಿನ ಮೇಲಿದ್ದೆ; ಶಾಲೆಯ ಯೂನಿಫಾರ್ಮುಗಳ ರಾಶಿ ನನ್ನ ತಲೆಯೆತ್ತರಕ್ಕೆ ಬಿದ್ದಿದೆ. ಚೀರಿದ್ದು ಕೇಳಿ ಓಡಿ ಬಂದರೆ ಮಗು ಮೆಟ್ಟಿಲ ಮೇಲೆ ಕೂತಿತ್ತು, ಫ್ರಾಕೆಲ್ಲ ರಕ್ತ. ಏನಾಯಿತು ಎಂದು ಕೇಳಿದರೆ “ಬಂತು, ಕಚ್ತು” ಎಂದಿತು. ಆಮೇಲೆ ಬಾಯಿ ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗಲೂ ಅಳಲಿಲ್ಲ, ಗೋಡೆ ನೋಡುತ್ತಿತ್ತು. ಎಂಟು ವರ್ಷದ ಮಗು ಹಾಗೆ ಗೋಡೆ ನೋಡಬಾರದು.

ಬೀದಿನಾಯಿಗಳ ಕಾಟ ತಡೆಯಲಾರದೆ ನಿನ್ನೆ ಬೆಳಿಗ್ಗೆಯೇ ನಿನ್ನ ಕಚೇರಿಗೆ ಫೋನು ಮಾಡಿ ವ್ಯಾನು ಕರೆಸಿದವಳು ನಾನೇ. ನಿನಗಲ್ಲ, ಕಚೇರಿಗೆ. ವ್ಯಾನು ಬಂದು, ನಾಯಿ ಹಿಡಿಯುವ ನಿನ್ನ ಆ ಮೀಸೆಯವನು ಕೆಳಗಿಳಿಯುವಷ್ಟರಲ್ಲಿ ಕಚ್ಚಿಯಾಗಿತ್ತಂತೆ. ಅವನೇ ಅದನ್ನು ವ್ಯಾನಿಗೆ ಹಾಕಿಕೊಂಡು ಹೋದ.

ಪೇಪರಿನಲ್ಲಿ ನಿನ್ನ ಫೋಟೊ ನೋಡಿದೆ. ನಾಯಿಗಳಿಗೆ ಅರಮನೆ ಕಟ್ಟಿಸಿದ್ದೀಯಂತೆ. ಕಟ್ಟಿಸಿಕೋ. ಆ ಕಂದು ನಾಯಿಗೆ ಮಾತ್ರ ಅಲ್ಲಿ ಜಾಗ ಕೊಡಬೇಡ. ಅದು ಸಾಯಬೇಕು. ನಿನ್ನನ್ನು ನಾನು ಬೇರೇನೂ ಕೇಳುತ್ತಿಲ್ಲ, ಮುಂದೆ ಕೇಳುವುದೂ ಇಲ್ಲ.

‘ನಿನ್ನ ಅಕ್ಕ’ ಎಂದು ಬರೆಯಲು ಕೈ ಬರುತ್ತಿಲ್ಲವಾದ್ದರಿಂದ,
ತೆರಿಗೆ ಕಟ್ಟುವ ಒಬ್ಬ ದರ್ಜಿ


ಮಾರ್ಚ್ ೬

ಅಕ್ಕ,

ಪುಟ್ಟಿಗೆ ಹಾಕಿಸಬೇಕಾದ ಇಂಜೆಕ್ಷನ್ನುಗಳಲ್ಲಿ ಒಂದನ್ನೂ ತಪ್ಪಿಸಬೇಡ. ನಾಯಿ ಆರೋಗ್ಯವಾಗಿದೆ ಎಂದು ಯಾರೇ ಹೇಳಲಿ, ನಾನೇ ಹೇಳಲಿ, ತಪ್ಪಿಸಬೇಡ. ಇದು ಅವಳ ಚಿಕ್ಕಮ್ಮನ ಮಾತು. ಮುಂದಿನದು ಮೇಲ್ವಿಚಾರಕಿಯ ಮಾತು, ನೀನು ಬರೆದದ್ದು ಅವಳಿಗೇ ತಾನೆ.

ಕಚ್ಚಿದ ನಾಯಿಯನ್ನು ಹತ್ತು ದಿನ ನಿಗಾದಲ್ಲಿ ಇಡಬೇಕು. ಅದಕ್ಕೆ ಹುಚ್ಚು ರೋಗ ಇದ್ದರೆ ಅಷ್ಟರೊಳಗೆ ತಾನಾಗಿ ಗೊತ್ತಾಗುತ್ತದೆ. ನಿನ್ನ ಕೋಪ ತಣಿಸುವುದಕ್ಕೆ ಅದನ್ನು ಈವತ್ತೇ ಮುಗಿಸಿದರೆ ನಾಳೆ ನಾವಿಬ್ಬರೂ ಪುಟ್ಟಿಯ ಮುಖ ನೋಡುತ್ತ ಹೆದರಿಕೊಂಡು ಕೂತಿರಬೇಕಾಗುತ್ತದೆ.

ಅರಮನೆ ಎಂದೆಯಲ್ಲ. ನಾನು ಬರುವ ಮುಂಚೆ ಇಲ್ಲಿ ಗೂಡು ತೊಳೆಯುವುದು ಎಂದರೆ ನಾಯಿ ಒಳಗಿರುವಾಗಲೇ ಪೈಪು ಹಿಡಿಯುವುದು. ನೆನೆದ ನಾಯಿ ನೆನೆದ ಸಿಮೆಂಟಿನ ಮೇಲೆ ದಿನವಿಡೀ ನಡುಗುತ್ತ ನಿಂತಿರುತ್ತಿತ್ತು, ಮರಿಗಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. ಈಗ ಎರಡು ಗೂಡಿಗೊಂದು ಜಾರುವ ಬಾಗಿಲು ಇಟ್ಟಿಸಿದ್ದೇನೆ. ನಡುಬಾಗಿಲು ಎನ್ನುತ್ತೇವೆ. ನಾಯಿಯನ್ನು ಒಣಗಿದ ಕಡೆಗೆ ಕಳುಹಿಸಿ, ನಡುಬಾಗಿಲು ಎಳೆದು, ಆಮೇಲೆ ನೀರು. ಎದುರುಬದುರು ಗೂಡುಗಳ ನಡುವೆ ಹಳೆಯ ಬೆಡ್‌ಶೀಟು ಇಳಿಬಿಟ್ಟಿದ್ದೇನೆ. ಒಂದನ್ನೊಂದು ದುರುಗುಟ್ಟಿ ನೋಡುತ್ತ ಬೊಗಳಿ ಗಂಟಲು ಹರಿದುಕೊಳ್ಳುವುದು ತಪ್ಪಲಿ ಎಂದು. ಕತ್ತಿನಲ್ಲಿ ದಾರ, ಚಿಂದಿ ಏನಿದ್ದರೂ ಗೇಟಿನಲ್ಲೇ ಬಿಚ್ಚಿ ಗೂಡಿನ ಹೊರಗಿನ ಮೊಳೆಗೆ ತಗುಲಿಹಾಕುತ್ತೇವೆ, ಎಲ್ಲಾದರೂ ಸಿಕ್ಕಿಕೊಂಡು ಉಸಿರು ಕಟ್ಟಬಾರದಲ್ಲ. ತಂತಿಕುಣಿಕೆಯ ಕೋಲುಗಳನ್ನು ಗುಜರಿಗೆ ಹಾಕಿಸಿದ್ದೇನೆ. ಈಗ ಹಿಡಿಯುವುದು ಬಲೆಯಿಂದ, ಅದೂ ಬ್ರೆಡ್ಡು ತೋರಿಸಿ. ನನ್ನ ದೊಡ್ಡಿಯಲ್ಲಿ ತಂತಿ ಇಲ್ಲ. ಪೇಪರಿನವರು ಬರೆದದ್ದು ಇಷ್ಟನ್ನೇ. ಇದು ಅರಮನೆಯಾದರೆ ನಿನಗೂ ಒಂದು ಗೂಡು ಕೊಡಿಸುತ್ತೇನೆ, ಬಾ.

ನಿನ್ನ ಕಂದು ನಾಯಿ ಹಿಂದಿನ ಗೋಡೆಗೆ ಅಂಟಿಕೊಂಡು ಕೂತಿದೆ. ಕತ್ತಿನ ಸುತ್ತ ಊತವಿದೆ. ಕಟ್ಟಿದ್ದ ಚಿಂದಿ ಬಿಗಿಯಾಗಿತ್ತೇನೋ. ಇಲ್ಲಿಯ ಊಟ ಮೂಸುವುದಿಲ್ಲ. ಬ್ರೆಡ್ಡು ಹಾಕಿದರೆ ನಡುವಿನದನ್ನು ಬಿಟ್ಟು ಅಂಚನ್ನಷ್ಟೇ ತಿನ್ನುತ್ತದೆ. ಇಷ್ಟು ಠೇಂಕಾರದ ಬೀದಿನಾಯಿಯನ್ನು ನಾನು ನೋಡಿರಲಿಲ್ಲ.

ಭಾವನಿಗೆ ಹೇಳು, ಬಸ್ಸಿನಿಂದ ಕಾಗದವನ್ನು ಎಸೆಯಬಾರದು. ಚರಂಡಿಗೆ ಬಿದ್ದಿತ್ತು.

ಮೇಲ್ವಿಚಾರಕಿ,
ನಗರ ನಾಯಿದೊಡ್ಡಿ


ಮಾರ್ಚ್ ೧೫

ಏ ಮೇಲ್ವಿಚಾರಕಿ,

ಹತ್ತು ದಿನ ಕಳೆಯಿತು. ನಾಯಿ ಗಟ್ಟಿಮುಟ್ಟಾಗಿದೆ ಎಂದು ನಿನ್ನ ಕಚೇರಿಯಿಂದ ಫೋನು ಬಂತು. ಹಿಡಿದ ಜಾಗಕ್ಕೇ ತಂದು ಬಿಡುವುದು ನಿಯಮ ಎಂದೂ ಹೇಳಿದರು. ಅಂದರೆ ನನ್ನ ಅಂಗಡಿಯ ಮುಂದಕ್ಕೆ! ನನ್ನ ಮಗಳ ಕೈಯಲ್ಲಿ ಪೆನ್ಸಿಲು ನಿಲ್ಲುತ್ತಿಲ್ಲ, ನೀನು ನಾಯಿಯನ್ನು ವ್ಯಾನಿನಲ್ಲಿ ಕೂರಿಸಿ ಮನೆಗೆ ತಲುಪಿಸುತ್ತೀಯಾ?

ಮನೆಮನೆಗೂ ಹೋದೆ. ಬೀದಿಯವರೆಲ್ಲ ಸಹಿ ಹಾಕಿದ್ದಾರೆ. ಬೇಕರಿಯವನು ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಮೊದಲ ಸಹಿ ಹಾಕಿದ. ಮೇಲಿನ ಮನೆಯ ಮೇಷ್ಟ್ರು ಕನ್ನಡಕ ಹುಡುಕಿ ತರಿಸಿ ಹಾಕಿದರು. ಈವತ್ತು ನಗರಸಭೆಯ ಸಮಿತಿಗೆ ಕೊಟ್ಟು ಬಂದೆ. ನೀನು ಕೊಲ್ಲದಿದ್ದರೆ ಅವರು ಕೊಲ್ಲಿಸುತ್ತಾರೆ.

ನಿನ್ನ ಬೆಡ್‌ಶೀಟಿನ ಕಥೆ ಓದಿ ನಕ್ಕು ನಕ್ಕು ಸಾಕಾಯಿತು. ನಾಯಿಗೆ ಪರದೆ! ನಾಳೆ ಕಿಟಕಿಗೆ ಜಾಲರಿ ಬಟ್ಟೆ ಹೊಲಿದುಕೊಡು ಎಂದು ನನ್ನನ್ನೇ ಕೇಳುತ್ತೀ. ನಿನ್ನ ಭಾವನೂ ನಕ್ಕರು, ಆಮೇಲೆ “ಅವಳು ಹೇಳೋದ್ರಲ್ಲೂ ಅರ್ಥ ಇದೆ ಕಣೇ” ಅಂದರು. ಆ ದಿನ ಅವರೇ ಅಡುಗೆ ಮಾಡಿಕೊಂಡು ಉಂಡರು.

ನಾಯಿ ನಡುಗಿದರೆ ನಿನಗೆ ಕರುಳು ಚುರುಕ್ ಅನ್ನುತ್ತದೆ. ಅಮ್ಮ ಆಸ್ಪತ್ರೆಯಲ್ಲಿ ನಡುಗುತ್ತಿದ್ದಾಗ ನೀನೆಲ್ಲಿದ್ದೆ? ಹೇಳಲಾ? ನಿನ್ನ ದೊಡ್ಡಿಯಲ್ಲಿ ಮರಿಗಳಿಗೆ ಜಾಡ್ಯ ಹರಡಿತ್ತು. ಬರುತ್ತೇನೆ, ಬರುತ್ತೇನೆ ಎಂದೆ. “ಚಿಕ್ಕೋಳು ಎಲ್ಲಿ? ಚಿಕ್ಕೋಳು ಬಂದ್ಲಾ?” ಎಂದು ಅವಳು ಬಾಗಿಲು ನೋಡಿದ್ದು ನಿನಗೇನು ಗೊತ್ತು. ಹಿಡಿದುಕೊಳ್ಳುವುದಕ್ಕೆ ಅವಳಿಗೆ ಇದ್ದದ್ದು ನನ್ನ ಕೈಯೊಂದೇ. ಮರಿಗಳನ್ನಾದರೂ ಉಳಿಸಿದೆಯಾ?

ಸಮಿತಿಯಲ್ಲಿ ಸಿಗೋಣ,
ಕಚ್ಚಿಸಿಕೊಂಡವಳ ತಾಯಿ


ಮಾರ್ಚ್ ೧೯

ಅಕ್ಕ,

ಅಮ್ಮನ ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಅರ್ಜಿಯ ವಿಷಯ. ಒಡೆಯರಿರುವ ನಾಯಿಯಾದರೆ ಅವರು ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಾರೆ, ಅದಕ್ಕೆ ಸಮಿತಿಯೂ ಅಡ್ಡ ಬರುವಂತಿಲ್ಲ. ಈ ನಾಯಿಯನ್ನು ಕೇಳಿಕೊಂಡು ಯಾರೂ ಬಂದಿಲ್ಲ. ಹಾಗಾಗಿ ಸಮಿತಿ ಹೇಳಿದ ಹಾಗೆ ಆಗುತ್ತದೆ. ಕೊಲ್ಲಬೇಡಿ ಎಂದು ನಾನು ಬರೆದುಕೊಡುತ್ತೇನೆ. ನಿನ್ನ ಬೇಕರಿಯವನ ಮುಂದೆ ನನ್ನ ಮಾತು ನಡೆಯದೇ ಹೋಗಬಹುದು.

ಆದೇಶ ಬಂದರೆ ಏನಾಗುತ್ತದೆ ಎಂದು ತಿಳಿದುಕೋ. ಹಿಂದೆ ಇಲ್ಲಿ ಸಾಲಿನಲ್ಲೇ, ಉಳಿದ ನಾಯಿಗಳ ಕಣ್ಣೆದುರಿಗೇ ಮುಗಿಸುತ್ತಿದ್ದರು. ಈಗ ಕೊನೆಯಲ್ಲಿ ಪ್ರತ್ಯೇಕ ಕೋಣೆಯಿದೆ. ಮೊದಲು ನಿದ್ದೆಯ ಸೂಜಿ, ಅದು ಹತ್ತಿದ ಮೇಲೆ ಎರಡನೆಯದು. ಇಷ್ಟೂ ಹೊತ್ತು ನಾಯಿಯ ನೆತ್ತಿಯ ಮೇಲೆ ಒಬ್ಬರು ಕೈ ಇಟ್ಟಿರಬೇಕು. ನಾನು ಬಂದ ಮೇಲೆ ಮಾಡಿದ ನಿಯಮ ಅದು, ಸಮಿತಿಯೂ ಒಪ್ಪಿದೆ. ಕಾಯಿಲೆಯ ನಾಯಿಯಾದರೆ ನಮ್ಮವರಲ್ಲೊಬ್ಬರು ಇಡುತ್ತಾರೆ. ಕೊಲ್ಲಿ ಎಂದು ಅರ್ಜಿ ಕೊಟ್ಟು ಕೊಲ್ಲಿಸುವ ನಾಯಿಯಾದರೆ ಅರ್ಜಿದಾರರೇ ಇಡಬೇಕು. ಅವರು ಬರುವವರೆಗೆ ನಾನು ಸೂಜಿ ತೆಗೆಯುವುದಿಲ್ಲ.

ಈವರೆಗೆ ಅರ್ಜಿ ಕೊಟ್ಟ ಯಾರೂ ಬಂದಿಲ್ಲ. ನೀನೂ ಬರುವುದಿಲ್ಲ.

ಮೇಲ್ವಿಚಾರಕಿ


ಏಪ್ರಿಲ್ ೯

ನೀನೂ ಬರುವುದಿಲ್ಲ ಎಂದೆಯಾ?

ಸಮಿತಿಯ ಆದೇಶ ಕೈಗೆ ಬಂತು. ನೀನು ನಾಯಿಯ ಪರವಾಗಿ ಉದ್ದುದ್ದ ಬರೆದುಕೊಟ್ಟಿದ್ದನ್ನು ಅಲ್ಲಿಯ ಗುಮಾಸ್ತ ನನಗೆ ಓದಿ ಹೇಳಿದ. ಒಬ್ಬ ಸದಸ್ಯರು ಆಕಳಿಸಿದರಂತೆ.

ಹನ್ನೆರಡನೇ ತಾರೀಖು ಬೆಳಿಗ್ಗೆ ಬರುತ್ತೇನೆ. ಅಮ್ಮನ ಮೈ ತಣ್ಣಗಾಗುವವರೆಗೂ ಹಿಡಿದು ಕೂತಿದ್ದ ಕೈ ಇದು. ಒಂದು ನಾಯಿಯ ತಲೆ ಮುಟ್ಟಲು ಹೆದರುತ್ತದೆ ಎಂದುಕೊಂಡೆಯಾ? ಸಾಯುವ ನಾಯಿಗೆ ಕೈ ಬೇಕು ಎಂದು ನಿಯಮ ಮಾಡಿದವಳಿಗೆ ಸಾಯುವ ತಾಯಿಗೆ ಬೇಕು ಎಂದು ಹೊಳೆಯಲಿಲ್ಲ. ಇದನ್ನು ನಿನ್ನ ಮುಖಕ್ಕೇ ಹೇಳುವುದಕ್ಕಾದರೂ ಬರುತ್ತೇನೆ.

ಸೂಜಿ ಸಿದ್ಧವಾಗಿಟ್ಟಿರು.

ಅರ್ಜಿದಾರಳು


ಏಪ್ರಿಲ್ ೧೩

ಅಕ್ಕ,

ನಿನ್ನೆ ಏನಾಯಿತು?

ಬಂದೆ. ನೀನು ನನ್ನ ಮುಖವನ್ನೂ ನೋಡದೆ “ಎಲ್ಲಿ ನಿನ್ನ ನಾಯಿ?” ಎಂದೆ. ಕೈ ಇಟ್ಟೆ. ನಾನು ಸೂಜಿಗೆ ಔಷಧಿ ಎಳೆದುಕೊಂಡು ತಿರುಗುವಷ್ಟರಲ್ಲಿ ನೀನು ಎದ್ದು ಓಡಿದೆ. ಕುರ್ಚಿ ಬಿತ್ತು, ಚಪ್ಪಲಿ ಒಂದು ಇಲ್ಲೇ ಉಳಿಯಿತು. ನಾಯಿ ಬಾಗಿಲ ಕಡೆ ನೋಡುತ್ತ ಕುಂಯ್‌ಗುಟ್ಟಿತು. ಇಲ್ಲಿಗೆ ಬಂದ ಮೇಲೆ ಅದು ಬಾಯಿ ಬಿಟ್ಟದ್ದು ಅದೇ ಮೊದಲು.

ಅದರ ಗೂಡಿನ ಮೊಳೆಯ ಮೇಲಿದ್ದ ಚಿಂದಿ ಕಾಣುತ್ತಿಲ್ಲ. ನೀನು ತೆಗೆದುಕೊಂಡು ಹೋದೆ ಎಂದು ಕಾವಲುಗಾರ ಹೇಳುತ್ತಾನೆ. ಯಾಕೆ?

ಆದೇಶ ಇನ್ನೂ ಜಾರಿಯಲ್ಲಿದೆ. ಅರ್ಜಿದಾರರು ಅರ್ಧಕ್ಕೆ ಎದ್ದು ಹೋದರು ಎಂದು ಬರೆದು ಒಂದು ವಾರ ತಳ್ಳಬಲ್ಲೆ. ಅದಕ್ಕಿಂತ ಹೆಚ್ಚಿಗೆ ಆಗದು. ನಿನಗೆ ಧೈರ್ಯ ಸಾಲದೆ ಹೋಯಿತು ಎನ್ನುವುದಾದರೆ ಅಷ್ಟನ್ನೇ ಬರೆದು ಕಳುಹಿಸು, ನಾನು ಹಂಗಿಸುವುದಿಲ್ಲ.

ಚಪ್ಪಲಿಯನ್ನು ಭಾವನ ಬಸ್ಸಿಗೆ ಹಾಕಿದ್ದೇನೆ.

ತಂಗಿ


ಏಪ್ರಿಲ್ ೧೫

ಧೈರ್ಯದ ಮಾತು ಆಮೇಲೆ. ಮೊದಲು ಇದನ್ನು ಓದು, ನಿಂತುಕೊಂಡೇ ಓದು.

ಆ ನಾಯಿ ನನ್ನ ಕೈ ಮೂಸಿತು. ತೋಳು ಮೂಸಿತು, ಮಡಿಲು ಮೂಸಿತು. ಆಮೇಲೆ ಅದರ ಮೈಯೆಲ್ಲ ಕುಲುಕಾಡಿತು. ನನ್ನ ಪಾದದ ಮೇಲೆ ಕೂತು ಮಂಡಿಗೆ ತಲೆ ಆನಿಸಿ ನಿಟ್ಟುಸಿರು ಬಿಟ್ಟಿತು, ಮನೆ ಸೇರಿದವರ ಹಾಗೆ. ನಾನು ಅದನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಕಂಡಾಗಲೆಲ್ಲ ಪೊರಕೆ ಎಸೆದವಳು. ನನ್ನ ಮೈಯಲ್ಲಿ ಮೆಷಿನ್ನಿನ ಎಣ್ಣೆ, ಗುರುತಿನ ಸೀಮೆಸುಣ್ಣ, ನನ್ನ ಮಗಳು, ಇಷ್ಟು ಬಿಟ್ಟು ಬೇರೇನು ವಾಸನೆ ಇರುತ್ತದೆ? ಎದ್ದೆ. ಹೊರಗೆ ಬಂದರೆ ಮೊಳೆಯ ಮೇಲೆ ನಿನ್ನ ‘ಚಿಂದಿ’.

ಚಿಂದಿಯಂತೆ! ಶಾಲೆಯ ಯೂನಿಫಾರ್ಮಿನ ಬೂದು ಬಟ್ಟೆ, ಅಂಚಿಗೆ ಕಡುಗೆಂಪು ಪೈಪಿಂಗು. ನನ್ನ ಅಂಗಡಿಯ ಚೂರು. ಪಟ್ಟಿ ಮಡಿಚಿ, ಕೈಹೊಲಿಗೆ ಹಾಕಿ, ದಾರದ ಗಂಟನ್ನು ಮೇಲ್ಬದಿಗೇ ಬಿಟ್ಟಿದೆ. ಗಂಟು ಒಳಗೆ ಬರಬೇಕು ಕಣೇ ಎಂದು ನಾನು ದಿನಾ ಯಾರಿಗೆ ಬೈಯುತ್ತೇನೆ ಗೊತ್ತಾ? ಪುಟ್ಟಿಗೆ. ಕತ್ತಿಗೆ ಎರಡು ಬೆರಳು ಸಡಿಲವಾಗಿಯೇ ಅಳತೆ ಬಿಟ್ಟಿದ್ದಾಳೆ. ಅದು ಬಿಗಿಯಾಗುವ ಪಟ್ಟಿಯೇ ಅಲ್ಲ. ನೀನು ಪ್ರಾಣಿಗಳ ಡಾಕ್ಟರು ತಾನೆ, ಬಟ್ಟೆಗೆ ಕತ್ತು ಹಾಗೆ ಊದುತ್ತದಾ?

ಮನೆಗೆ ಬಂದು ಅದನ್ನು ಅವಳ ಮುಂದಿಟ್ಟೆ. ಆರು ವಾರದಿಂದ ಕಟ್ಟಿಕೊಂಡಿದ್ದ ಬಾಯಿ ಆಗ ಬಿಟ್ಟಿತು. ಅದರ ಹೆಸರು ಕಾಜ ಅಂತೆ. ಕಿವಿಯಲ್ಲಿ ಸೀಳಿದೆಯಲ್ಲ, ಗುಂಡಿ ತೂರಿಸುವ ಕಾಜದ ಹಾಗೆ, ಅದಕ್ಕೆ. ದಿನಾ ಬೆಳಿಗ್ಗೆ ತನ್ನ ಬ್ರೆಡ್ಡಿನ ಅಂಚು ಕಿತ್ತು ಕಿಸೆಗೆ ಹಾಕಿಕೊಂಡು ಅದಕ್ಕೆ ಕೊಡುತ್ತಿದ್ದಳಂತೆ. ನಾನೋ, ಮಗಳು ಕೊನೆಗೂ ಅಂಚು ಬಿಡದೆ ತಿನ್ನುವುದನ್ನು ಕಲಿತಳು ಎಂದು ಬೀಗುತ್ತಿದ್ದೆ.

ನಾನು ಕರೆಸಿದ ವ್ಯಾನು ಬಂತು. ನಿನ್ನ ಮೀಸೆಯವನು ಸೀಟಿನ ಕೆಳಗಿನಿಂದ ಕೋಲು ತೆಗೆದ. ಬಲೆಯಲ್ಲ, ಬ್ರೆಡ್ಡಲ್ಲ. ತಂತಿ! ಪುಟ್ಟಿಯ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ಓದಿಕೋ: “ಅದರ ನಾಲಿಗೆ ಹೊರಗೆ ಬಂದಿತ್ತಮ್ಮ. ನಾನು ತಂತಿ ಬಿಡಿಸೋಕೆ ಹೋದೆ. ಅದು ನನ್ನ ಕಚ್ಚಿಲ್ಲ. ತಂತಿ ಕಚ್ಚೋಕೆ ಹೋಯ್ತು. ಅಲ್ಲಿ ನನ್ನ ಕೈ ಇತ್ತು.” ನನಗೆ ಹೇಳಿದರೆ ನಾಯಿ ಮುಟ್ಟಿದ್ದಕ್ಕೆ ಹೊಡೆಯುತ್ತೇನೆ ಎಂದು ಹೆದರಿದ್ದಳಂತೆ. ಹೊಡೆಯುತ್ತಲೂ ಇದ್ದೆ.

‘ನನ್ನ ದೊಡ್ಡಿಯಲ್ಲಿ ತಂತಿ ಇಲ್ಲ.’ ನಿನ್ನ ಅಕ್ಷರದಲ್ಲೇ ಇದೆ. ಊರಿಗೆಲ್ಲ ದಯೆ ಕಲಿಸುವವಳು ನಿನ್ನ ವ್ಯಾನಿನ ಸೀಟಿನ ಕೆಳಗೆ ಬಗ್ಗಿ ನೋಡಲಿಲ್ಲವಾ? ಫೋಟೊಗೆ ಪೋಸು ಕೊಡುವುದರಲ್ಲಿ ಮರೆತೆಯಾ?

ನಾಯಿ ಸಾಯಬಾರದು. ಬೀದಿಯಲ್ಲಿ ಮತ್ತೆ ಮನೆಮನೆಗೆ ಹೋದೆ, ಸಹಿ ವಾಪಸು ತಗೊಳ್ಳಿ ಎಂದು ಕೈಮುಗಿದೆ. ಮೇಷ್ಟ್ರು ಕನ್ನಡಕ ಸಿಗುತ್ತಿಲ್ಲ ಎಂದರು. ಬೇಕರಿಯವನು “ನಿಮ್ಮ ತಲೆ ಕೆಟ್ಟಿದ್ಯಾ?” ಎಂದು ಅರ್ಧ ಶಟರು ಎಳೆದ. ಏನು ಮಾಡಬೇಕು ಹೇಳು. ಹೇಳಬೇಕಾದವಳು ನೀನು.

ಪುಟ್ಟಿಯ ಅಮ್ಮ


ಏಪ್ರಿಲ್ ೧೭

ಅಕ್ಕ,

ವ್ಯಾನಿನ ಸೀಟಿನ ಕೆಳಗೆ ನೋಡಿದೆ. ಇದೆ. ಗೋಣಿಚೀಲ ಸುತ್ತಿಟ್ಟಿದ್ದ. ಕೇಳಿದರೆ “ಬಲೆಯಲ್ಲಿ ಹಿಡಿಯೋಕೆ ಹೊತ್ತಾಗುತ್ತೆ ಮೇಡಂ, ನಿಮಗೆ ಬೇಜಾರು ಆಗಬಾರದು ಅಂತ ಹೇಳಲಿಲ್ಲ” ಎಂದ. ನನಗೆ ಬೇಜಾರಾಗದ ಹಾಗೆ ಎಷ್ಟು ಕತ್ತುಗಳಿಗೆ ಹಾಕಿದ್ದಾನೋ. ಊತ ನನ್ನ ಕಣ್ಣ ಮುಂದೆಯೇ ಇತ್ತು. ತಂತಿಯಿಂದಾದದ್ದು ಎಂದು ಒಂದು ಸಲವೂ ಹೊಳೆಯಲಿಲ್ಲ, ಯಾಕೆಂದರೆ ತಂತಿ ಇಲ್ಲ ಎಂದು ಹೇಳಿದವಳು ನಾನೇ. ಮಗುವೊಂದು ಅಳತೆ ತೆಗೆದು ಹೊಲಿದ ಪಟ್ಟಿಯನ್ನು ಚಿಂದಿ ಎಂದು ಮೊಳೆಗೆ ಹಾಕಿದೆ. ಅದನ್ನು ಕತ್ತುಪಟ್ಟಿ ಎಂದು ನೋಡಿದ್ದರೆ ಒಡೆಯರಿದ್ದಾರೆ ಎಂದು ಹುಡುಕುತ್ತಿದ್ದೆ, ನಿನ್ನ ಅರ್ಜಿ ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು.

ಈಗ ಉಳಿದಿರುವ ದಾರಿಯೂ ಅದೇ. ಪಟ್ಟಿ ತೆಗೆದುಕೊಂಡು ಸಮಿತಿಗೆ ಹೋಗು. ಈ ನಾಯಿ ನಮ್ಮ ಮನೆಯದು, ನಾನೇ ಒಡತಿ ಎಂದು ಹೇಳು. ಬೀದಿಯವರೆಲ್ಲರ ಮುಂದೆ ಹೇಳಬೇಕಾಗುತ್ತದೆ, ಉಗಿಯುತ್ತಾರೆ, ಉಗಿಸಿಕೋ. ಮನೆಯ ನಾಯಿ ಮನೆಯ ಮಗುವನ್ನೇ ಯಾಕೆ ಕಚ್ಚಿತು ಎಂದು ಕೇಳುತ್ತಾರೆ. ತಂತಿಯ ವಿಷಯ ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಗೊತ್ತಿದೆ. ನಾನು ಹೋದರೆ ಇಲ್ಲಿ ಮತ್ತೆ ಪೈಪು ಬರುತ್ತದೆ, ಅದೂ ಗೊತ್ತಿದೆ. ಒಂದು ನಾಯಿಗಾಗಿ ಉಳಿದವನ್ನೆಲ್ಲ ಬಿಟ್ಟುಕೊಡುವುದಾ ಎಂದು ನಿನ್ನೆಯಿಡೀ ಯೋಚಿಸಿದೆ. ತಂತಿಯನ್ನು ಮುಚ್ಚಿಟ್ಟು ನಡುಬಾಗಿಲನ್ನು ಉಳಿಸಿಕೊಂಡರೆ ಆ ಮೀಸೆಯವನಿಗೂ ನನಗೂ ಏನು ವ್ಯತ್ಯಾಸ? ಅವನೂ ಗೋಣಿಚೀಲ ಸುತ್ತಿಯೇ ಇಟ್ಟಿದ್ದ.

ಹೋಗಿ ಹೇಳು. ಅಮ್ಮ ಹೋದ ದಿನದಿಂದ ನನ್ನನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಕು ಎಂದು ಕಾದಿದ್ದೀಯಲ್ಲ. ಬಾಯಿ ತುಂಬ ಹೇಳು.

ತಂಗಿ


ಜೂನ್ ೨

ಅಕ್ಕ,

ಇನ್ನು ಭಾವನ ಬಸ್ಸು ಇಲ್ಲಿಗೆ ಬರುವುದಿಲ್ಲ. ಅಂಚೆಗೆ ಹಾಕುತ್ತಿದ್ದೇನೆ.

ಹೊಸ ಕೆಲಸ ಎಂದರೆ ಹೆದ್ದಾರಿಯ ತಪಾಸಣೆ ಗೇಟು. ಲಾರಿಯಲ್ಲಿ ಹೋಗುವ ದನಗಳಿಗೆ ರೋಗವಿಲ್ಲ ಎಂದು ನೋಡಿ ಠಸ್ಸೆ ಒತ್ತುವುದು. ತಗಡಿನ ಕೋಣೆ, ಒಂದು ಫ್ಯಾನು, ಅದೂ ಲಾರಿ ಹೋದಾಗ ಮಾತ್ರ ತಿರುಗಿದ ಹಾಗೆ ಕಾಣುತ್ತದೆ.

ಸಮಿತಿಯಲ್ಲಿ ನೀನು ಹೇಳಬೇಕಾದದ್ದನ್ನು ಹೇಳಿದೆ, ಸರಿ. “ಇವಳು ಪೇಪರಿಗೆ ಹೇಳೋದು ಒಂದು, ವ್ಯಾನಲ್ಲಿ ಇಡೋದು ಇನ್ನೊಂದು” ಎಂದೆಯಲ್ಲ, ಅದನ್ನು ಹೇಳಬೇಕಾಗಿರಲಿಲ್ಲ. ಅದು ನಾಯಿಗಾಗಿ ಹೇಳಿದ್ದಲ್ಲ. ಅದನ್ನು ಹೇಳುವಾಗ ನೀನು ನನ್ನನ್ನು ನೋಡುತ್ತಿದ್ದೆ.

ಬೇಕರಿಯವನು ಎದ್ದು ನಿಂತು “ನಾಯಿ ಸಾಕ್ಕೊಂಡು ನಮ್ಮ ಕೈಲಿ ಸಹಿ ಹಾಕಿಸ್ಕೊಂಡ್ರಾ?” ಎಂದು ಕೂಗಾಡಿದಾಗ ನೀನು ತಲೆ ತಗ್ಗಿಸದೆ “ಹೌದು, ಹಾಕಿಸ್ಕೊಂಡೆ. ನಾಯಿ ನಮ್ಮದೇ” ಎಂದದ್ದನ್ನೂ ನೋಡಿದೆ. ಅದನ್ನೂ ಬರೆಯದಿದ್ದರೆ ಅನ್ಯಾಯವಾದೀತು ಎಂದು ಬರೆದಿದ್ದೇನೆ.

ಕಾಜ ಹೇಗಿದೆ ಎಂದು ಕೇಳುತ್ತಿಲ್ಲ. ಪುಟ್ಟಿಯ ಕೊನೆಯ ಇಂಜೆಕ್ಷನ್ ಆಯಿತಾ ಎಂದು ಮಾತ್ರ ತಿಳಿಸು.

ತಂಗಿ


ಆಗಸ್ಟ್ ೨೧

ತಂಗಿ,

ಪುಟ್ಟಿಯ ಇಂಜೆಕ್ಷನ್ನುಗಳೆಲ್ಲ ಆಗಿವೆ. ಪೆನ್ಸಿಲು ಹಿಡಿಯುತ್ತಾಳೆ. ಗಂಟನ್ನು ಈಗಲೂ ಮೇಲ್ಬದಿಗೇ ಹಾಕುತ್ತಾಳೆ.

ನೀನು ಕೇಳದಿದ್ದರೂ ಹೇಳುತ್ತೇನೆ, ನಿನ್ನ ಕಾಜ ನನ್ನ ಅಂಗಡಿಯ ಹೊಸ್ತಿಲಲ್ಲಿ ಅಡ್ಡ ಮಲಗಿರುತ್ತದೆ. ದಾಟಿಕೊಂಡು ಬರಬೇಕಲ್ಲ ಎಂದು ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಬೇಕರಿಯವನು ನಮಗೆ ಬ್ರೆಡ್ಡು ಕೊಡುವುದಿಲ್ಲ, ನಿನ್ನ ಭಾವ ಬಸ್ಸಿನ ಕೊನೆಯ ನಿಲ್ದಾಣದಿಂದ ತರುತ್ತಾರೆ. ನಾಯಿ ಅವರ ಹಾರನ್ನು ಕೇಳಿದರೆ ಎದ್ದು ನಿಲ್ಲುತ್ತದೆ. ನನ್ನ ಹಾರನ್ನಿಗೆ ನೀನು ಯಾವತ್ತಾದರೂ ಎದ್ದಿದ್ದೀಯಾ ಎಂದು ನನ್ನನ್ನು ಕೇಳುತ್ತಾರೆ.

ಕಳೆದ ತಿಂಗಳು ಅದಕ್ಕೆ ಲೈಸೆನ್ಸು ಬಿಲ್ಲೆ ಮಾಡಿಸಲು ದೊಡ್ಡಿಗೆ ಹೋದೆ. ನೀನು ಹೇಳಿದ ಹಾಗೇ ಆಗಿದೆ. ಬೆಡ್‌ಶೀಟು ಕಿತ್ತು ನೆಲ ಒರೆಸಿದ್ದಾರೆ. ನಾಯಿ ಒಳಗಿರುವಾಗಲೇ ಒಬ್ಬ ಪೈಪು ಹಿಡಿದು ನಿಂತಿದ್ದ. ನಡುಬಾಗಿಲು ಎಳೆಯೋ ಎಂದೆ. “ತುಕ್ಕು ಹಿಡಿದಿದೆ” ಎಂದ. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡಬೇಕು ಎಂದು ಮೆಷಿನ್ ಇಟ್ಟುಕೊಂಡವಳಿಗೆ ಹೇಳಿಕೊಡಬೇಕಾ? ಅಂಗಡಿಯಿಂದ ಎಣ್ಣೆಡಬ್ಬಿ ತಂದು ನಾನೇ ಬಿಟ್ಟೆ. ಪೈಪನ್ನು ಕೈಯಿಂದ ಕಸಿದುಕೊಂಡೆ, ಅವನೂ ನೆನೆದ, ನಾನೂ ನೆನೆದೆ. ಈಗ ವಾರಕ್ಕೆರಡು ದಿನ ಹೋಗುತ್ತೇನೆ. ನನ್ನನ್ನು ಕಂಡರೆ ಅವರು “ಬಂತಪ್ಪಾ ಕತ್ತರಿ” ಎನ್ನುತ್ತಾರೆ. ಪರದೆ ಹೊಲಿಯುತ್ತಿದ್ದೇನೆ. ನಗಬೇಡ. ಒಂದು ಸಾಲಿಗೆ ಆಗಿದೆ, ಯೂನಿಫಾರ್ಮಿನ ಚೂರುಗಳನ್ನು ಜೋಡಿಸಿ. ಆ ಸಾಲಿನಲ್ಲಿ ಬೊಗಳುವುದು ಕಡಿಮೆಯಾಗಿದೆ, ಅದನ್ನು ನಿನಗೆ ಹೇಳಬಾರದು ಎಂದಿದ್ದೆ.

ಕಳೆದ ವಾರ ಅಲ್ಲೊಂದು ಮುದಿ ನಾಯಿಯನ್ನು ಮುಗಿಸುವುದಿತ್ತು. ಹೊಟ್ಟೆಯಲ್ಲಿ ಗಡ್ಡೆ, ಎರಡು ಕಣ್ಣೂ ಹೋಗಿದ್ದವು. ಉಳಿಯುವ ಪ್ರಾಣಿಯಲ್ಲ, ಅದನ್ನು ನಾನೂ ಒಪ್ಪಿದೆ. ಯಾರು ಕೈ ಇಡುತ್ತೀರಿ ಎಂದು ಕೇಳಿದೆ. ಹೊಸ ಮೇಲ್ವಿಚಾರಕ ನಕ್ಕ. “ಆ ರೂಲು ಆ ಮೇಡಂ ಜೊತೆಗೇ ಹೋಯ್ತು” ಎಂದ. ಆ ಮೇಡಂನ ಅಕ್ಕ ಇನ್ನೂ ಇಲ್ಲೇ ಇದ್ದಾಳೆ ಎಂದು ಹೇಳಿ ಒಳಗೆ ಹೋಗಿ ಕೂತೆ.

ನೆತ್ತಿಯ ಮೇಲೆ ಕೈ ಇಟ್ಟೆ. ಕುರುಡು ನಾಯಿ, ನನ್ನನ್ನು ಬೇರೆ ಯಾರೋ ಎಂದುಕೊಂಡಿತು. ಬಾಲ ನೆಲಕ್ಕೆ ಬಡಿಯಿತು. ಯಾರೆಂದುಕೊಂಡಿತೋ, ಅವರಾಗಿಯೇ ಕೂತಿದ್ದೆ. ನನಗೆ ಅದು ಅಭ್ಯಾಸವಿದೆ.

ನಿನಗೆ ಇದನ್ನು ಹೇಳಬಾರದು ಎಂದೇ ಇಷ್ಟು ದಿನ ಇದ್ದೆ. ಕೊನೆಯ ದಿನ ಅಮ್ಮನಿಗೂ ಕಣ್ಣು ಮಂಜಾಗಿತ್ತು. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು “ಚಿಕ್ಕೋಳೇ, ಬಂದ್ಯಾ?” ಎಂದಳು. ನಾನು ಕಣಮ್ಮಾ, ದೊಡ್ಡೋಳು ಎಂದು ಬಾಯಿಗೆ ಬಂತು. “ಬಂದೆ ಅಮ್ಮ” ಎಂದೆ. ನಿನ್ನ ಹಾಗೆ ರಾಗ ಎಳೆದೇ ಎಂದೆ. ಅವಳು ನಕ್ಕಳು. ಆಮೇಲೆ ಮಾತಾಡಲಿಲ್ಲ. ತಿಂಗಳುಗಟ್ಟಲೆ ಅವಳ ಹಾಸಿಗೆ ಒಗೆದವಳು ನಾನು, ಬಾಯಿಗೆ ತುತ್ತಿಟ್ಟವಳು ನಾನು, ಕೊನೆಯ ನಗು ನಿನಗೆ. ನೀನು ಬರಲಿಲ್ಲ ಎಂದು ಇಷ್ಟು ದಿನ ನಿನ್ನನ್ನು ಬೈದೆ. ನೀನು ಬಂದೆ ಎಂದುಕೊಂಡೇ ಅವಳು ಹೋದಳು. ನನಗೆ ಉರಿಯುವುದು ಅದಕ್ಕೆ.

ಈಗಲೂ ಉರಿಯುತ್ತದೆ. ಆದರೆ ಆ ನಗು ನಿನ್ನ ಪಾಲಿನದು, ನಾನು ಇಟ್ಟುಕೊಂಡು ಏನು ಮಾಡಲಿ. ತಗೋ.

ಇನ್ನೂ ಎರಡು ಸಾಲಿಗೆ ಪರದೆ ಆಗಬೇಕು, ಬಟ್ಟೆ ಸಾಲುತ್ತಿಲ್ಲ. ರಜೆ ಹಾಕಿ ಬಾ. ಬರುವಾಗ ಹಳೆಯ ಬೆಡ್‌ಶೀಟು ಇದ್ದರೆ ತಾ.

ನಿನ್ನ ಅಕ್ಕ